ಕೋಳಿ ಕಾಯುವ ನರಿ ಮತ್ತು ಬೆಟ್ಟದ ನೀರು

ರೋಮ್ ಅನ್ನೋ ಮಹಾನಗರದಿಂದ ನದಿ ದಾಟಿ ಸ್ವಲ್ಪ ದೂರ ನಡೆದರೆ ಒಂದು ಓಕ್ ಮರದ ಕಾಡಿತ್ತು. ಬಹಳ ಹಿಂದಿನ ಮಾತು. ಆ ಕಾಡಿನ ಅಂಚಿನಲ್ಲಿ ರೋಮಿನವರು ಕಲ್ಲಿನ ಕಮಾನುಗಳನ್ನು ಕಟ್ಟಿದ್ದರು. ಕಮಾನಿನ ಪಕ್ಕ ಕಮಾನು, ಕಣ್ಣು ಹಾಯಿಸಿದಷ್ಟು ದೂರ. ಅವುಗಳ ನೆತ್ತಿಯ ಮೇಲೆ ಕಾಲುವೆ. ಎಲ್ಲೋ ಬೆಟ್ಟದಲ್ಲಿ ಹುಟ್ಟಿದ ನೀರು ಆಕಾಶದಲ್ಲೇ ನಡೆದುಕೊಂಡು ಊರಿಗೆ ಹೋಗುತ್ತಿತ್ತು. ಅದನ್ನು ಯಾರೂ ನೂಕುತ್ತಿರಲಿಲ್ಲ, ಯಾರೂ ಎಳೆಯುತ್ತಿರಲಿಲ್ಲ. ಬರೀ ಇಳಿಜಾರು ನೋಡಿ ಕಟ್ಟಿದ ಜಾಣ್ಮೆ. ಕೆಳಗೆ ನಿಂತು ಕತ್ತೆತ್ತಿ ನೋಡಿದ ಪ್ರಾಣಿಗಳಿಗೆ ಕಣ್ಣು ಕೀಳಲು ಆಗುತ್ತಿರಲಿಲ್ಲ. ಅವುಗಳ ಜಾಗದಲ್ಲಿ ನಾನಿದ್ದಿದ್ದರೂ ಅಷ್ಟೇ.

ಆ ಕಮಾನಿನ ಮೇಲೆ ಒಬ್ಬ ಕೊಕ್ಕರೆಯಜ್ಜ ಗೂಡು ಕಟ್ಟಿದ್ದ. ದಿನಾ ರೋಮಿಗೆ ಹಾರಿಹೋಗಿ ಬರುತ್ತಿದ್ದ. ಸಂಜೆ ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಅಲ್ಲಿಯ ಸುದ್ದಿ ಹೇಳುತ್ತಿದ್ದ.

"ಅಲ್ಲಿ ರಾಜ ಇಲ್ಲಪ್ಪ. ಪ್ರತಿ ವರ್ಷ ಇಬ್ಬರು ಯಜಮಾನರನ್ನು ಆರಿಸುತ್ತಾರೆ. ಕಾನ್ಸಲ್ ಅಂತ ಅವರ ಹೆಸರು. ಒಬ್ಬ 'ಮಾಡೋಣ' ಅಂದು ಇನ್ನೊಬ್ಬ 'ಬೇಡ' ಅಂದರೆ ಕೆಲಸ ಅಲ್ಲಿಗೇ ನಿಂತುಹೋಯಿತು. ವರ್ಷ ಮುಗೀತೋ, ಇಬ್ಬರೂ ಸುಮ್ಮನೆ ಕುರ್ಚಿ ಬಿಟ್ಟು ಇಳಿಯುತ್ತಾರೆ."

"ಸುಮ್ಮನೆ?" ಕಾಡುಹಂದಿ ಅಪ್ರೋನಿಗೆ ನಂಬಿಕೆಯೇ ಬರಲಿಲ್ಲ. "ಜಗಳ ಇಲ್ಲದೆ?"

"ಜಗಳ ಇಲ್ಲದೆ. ಇನ್ನೂ ಕೇಳು. ದೊಡ್ಡ ಕೆಲಸ ಏನೇ ಇರಲಿ, ಮೊದಲು ದೇವರನ್ನು ಕೇಳುತ್ತಾರೆ. ಅದಕ್ಕೆ ಅಂತಲೇ ದೇವರ ಕೋಳಿಗಳಿವೆ. ಮುಂದೆ ಕಾಳು ಹಾಕುತ್ತಾರೆ. ಗಬಗಬ ತಿಂದವೋ, ಜುಪಿಟರ್ ದೇವರು ಒಪ್ಪಿದ ಅಂತ ಅರ್ಥ. ಮುಖ ತಿರುಗಿಸಿದವೋ, ಯುದ್ಧಕ್ಕೆ ಹೊರಟ ಸೈನ್ಯವಾದರೂ ನಿಲ್ಲಲೇಬೇಕು."

ಕಾಡಿಗೆ ಕಾಡೇ ದಂಗಾಯಿತು. ಅಷ್ಟು ದೇಶಗಳನ್ನು ಗೆದ್ದವರು, ಆಕಾಶದಲ್ಲಿ ನೀರು ಹರಿಸಿದವರು, ಒಂದು ಕೋಳಿಯ ಮುಂದೆ ಕೈಕಟ್ಟಿ ನಿಲ್ಲುತ್ತಾರಂತೆ. ಪ್ರಾಣಿಗಳಿಗೆ ಮೈ ಜುಮ್ಮೆಂದಿತು. ನಾವೂ ಹಾಗೇ ಬದುಕೋಣ ಅಂದವು. ಆ ವರ್ಷಕ್ಕೆ ಅಪ್ರೋನಿಯನ್ನೂ ಸಿಲ್ವಿಯ ಅನ್ನೋ ಹೆಣ್ಣುಜಿಂಕೆಯನ್ನೂ ಯಜಮಾನರಾಗಿ ಆರಿಸಿದವು. ಕೋಳಿಗಳೂ ಸಿಕ್ಕವು. ಸಂತೆಗೆ ಹೊರಟ ಯಾವುದೋ ಗಾಡಿಯಿಂದ ತಪ್ಪಿಸಿಕೊಂಡು ಬಂದಿದ್ದ ಕೋಳಿಗಳು ಅವು. ಕಾಯುವವರು ಯಾರು?

ನರಿ ವುಲ್ಪಿ ತಲೆ ತಗ್ಗಿಸಿಕೊಂಡು ಮುಂದೆ ಬಂದ. "ನನ್ನ ಹಳೇ ಬುದ್ಧಿ ನಿಮಗೆಲ್ಲ ಗೊತ್ತೇ ಇದೆ. ಆ ಪಾಪ ತೊಳೆದುಕೊಳ್ಳೋಕೆ ಒಂದು ಅವಕಾಶ ಕೊಡಿ."

ಕೊಟ್ಟರು. ಏನು ಹೇಳಲಿ, ಆ ನರಿ ಕೋಳಿಗಳ ಒಂದು ಪುಕ್ಕವನ್ನೂ ಮುಟ್ಟಲಿಲ್ಲ. ದಿನಾ ಸ್ನಾನ, ಪ್ರಾರ್ಥನೆ, ಮೆಲುದನಿಯ ಮಾತು. ದೇವರ ಮಹಿಮೆ ಅಂದರೆ ಇದೇ ಅಂತ ಎಲ್ಲರೂ ಕೈಮುಗಿದರು.

ಬೇಸಿಗೆ ಬಂತು. ಕಾಡಿನ ನಡುವಿನ ಕೊಳ ಬತ್ತಿತು. ಕಮಾನಿನ ಮೇಲಿನ ನೀರು ನೆಲದ ಪ್ರಾಣಿಗಳಿಗೆ ಎಟುಕುವ ಹಾಗಿರಲಿಲ್ಲ. ನೀರು ಉಳಿದದ್ದು ಬೆಟ್ಟದ ಮೇಲೆ ನೆಲದಿಂದ ಉಕ್ಕುವ ಒಂದು ಊಟೆಯಲ್ಲಿ ಮಾತ್ರ. ಅಲ್ಲಿಗೆ ಹೋಗಲು ಬಂಡೆಗಳ ನಡುವೆ ಒಂದೇ ಒಂದು ಇಕ್ಕಟ್ಟು ದಾರಿ. ಆ ದಾರಿಯ ಪಕ್ಕದಲ್ಲೇ ವುಲ್ಪಿಯ ಬಿಲ. ನೀರು ಕುಡಿಯಲು ಹೋದ ಮೊಲಗಳಲ್ಲಿ ಕೆಲವು ಹಿಂತಿರುಗಲಿಲ್ಲ.

"ಪಾಪ, ಬಂಡೆ ಮೇಲಿಂದ ಜಾರಿ ಬಿದ್ದವು," ಅಂತ ನರಿ ಕಣ್ಣೊರೆಸಿಕೊಂಡ. ಆ ಬೇಸಿಗೆಯಲ್ಲಿ ಎಲ್ಲರ ಪಕ್ಕೆಲುಬು ಕಾಣುತ್ತಿತ್ತು. ಅವನದು ಮಾತ್ರ ಕಾಣುತ್ತಿರಲಿಲ್ಲ.

ಅಪ್ರೋನಿ ಸಭೆ ಕರೆದ. "ರೋಮಿನವರು ಬೆಟ್ಟದ ನೀರನ್ನು ಊರಿಗೆ ತಂದರು. ನಾವು ಕೊಳದವರೆಗಾದರೂ ತರೋಣ. ಊಟೆಯಿಂದ ಕಾಲುವೆ ತೋಡ್ತೀನಿ. ನನ್ನ ಕೋರೆ ಇರೋದು ಯಾಕೆ ಮತ್ತೆ?"

ಮೊದಲು ದೇವರನ್ನು ಕೇಳಬೇಕಲ್ಲ. ವುಲ್ಪಿ ಕೋಳಿಗಳನ್ನು ತಂದ, ಕಾಳು ಹಾಕಿದ. ಕೋಳಿಗಳು ಒಂದು ಸಲ ನೋಡಿ ಮುಖ ತಿರುಗಿಸಿದವು.

"ದೇವರು ಒಪ್ಪಲಿಲ್ಲ," ಅಂದ ನರಿ, ನಿಟ್ಟುಸಿರು ಬಿಟ್ಟು.

"ಕೋಳಿ ತಿನ್ನದಿದ್ದರೆ ನನಗೇನು? ನಾನು ತೋಡೇ ತೋಡ್ತೀನಿ," ಅಂದ ಅಪ್ರೋನಿ.

"ಬೇಡ," ಅಂದಳು ಸಿಲ್ವಿಯ. ಅವಳಿಗೆ ದೇವರ ಭಯ. ಯಜಮಾನರಲ್ಲಿ ಒಬ್ಬರು ಬೇಡ ಅಂದ ಮೇಲೆ ಮುಗೀತು. ಅಪ್ರೋನಿ ಕೋರೆ ತಗ್ಗಿಸಿ ಹಿಂದೆ ಸರಿದ. ಅಷ್ಟು ಬಲದ ಪ್ರಾಣಿ ಒಂದು ಮಾತಿಗೆ ಹಿಂದೆ ಸರಿದದ್ದು ಕಂಡು ಕಾಡಿನವರ ಎದೆ ತುಂಬಿ ಬಂತು.

ಆದರೆ ಬಾಯಾರಿಕೆ ಕಾನೂನು ಕೇಳುತ್ತದೆಯೇ? ಸಿಲ್ವಿಯಳಿಗೆ ಆ ವಸಂತದಲ್ಲಿ ಹುಟ್ಟಿದ ಒಂದು ಮರಿ ಇತ್ತು. ಅದಕ್ಕೆ ಬೆಟ್ಟ ಹತ್ತುವ ಶಕ್ತಿ ಇರಲಿಲ್ಲ. ಅದನ್ನು ಬಿಟ್ಟು ಹೋಗಲಾರದ ತಾಯಿಗೂ ಕುಡಿಯಲು ನೀರಿಲ್ಲದೆ ಹಾಲು ಬತ್ತುತ್ತಾ ಬಂತು. ಎರಡನೇ ಸಲ ಕೋಳಿಗಳನ್ನು ಕೇಳುವ ಹೊತ್ತಿಗೆ ಮರಿ ಏಳಲಾರದೆ ಮಲಗಿಬಿಟ್ಟಿತ್ತು.

ಆ ಸಲವೂ ಕೋಳಿಗಳು ಮುಖ ತಿರುಗಿಸಿದವು. ಸಿಲ್ವಿಯ ಕಣ್ಣೀರಿನಲ್ಲಿ ಅವುಗಳ ಮುಂದೆ ತಲೆ ಬಾಗಿಸಿದಳು. ಹತ್ತಿರದಿಂದ ಕಂಡಿತು. ಕೋಳಿಗಳ ಕುತ್ತಿಗೆಯ ಬುಡ ಉಬ್ಬಿಕೊಂಡಿತ್ತು. ಹೊಟ್ಟೆ ಬಿರಿಯುವಷ್ಟು ತಿಂದು ಅವಕ್ಕೆ ನಿಲ್ಲಲೂ ಆಗುತ್ತಿರಲಿಲ್ಲ. ಒಂದು ಕೋಳಿ ಅಲ್ಲೇ ಕೂತು ತೂಕಡಿಸುತ್ತಿತ್ತು.

ಸಿಲ್ವಿಯಳ ಮೈಯೆಲ್ಲ ಉರಿಯಿತು. ಆದರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ದೇವರನ್ನೇ ಬೈದಳು ಅಂತ ನರಿ ಗುಲ್ಲೆಬ್ಬಿಸುತ್ತಿದ್ದ. ಅವಳು ನೇರವಾಗಿ ಕೊಕ್ಕರೆಯಜ್ಜನ ಬಳಿಗೆ ಹೋದಳು.

"ಅಜ್ಜಾ, ಕೋಳಿಗಳ ಮಾತು ಯಾರ್‍ಯಾರಿಗೆ ಅನ್ವಯಿಸುತ್ತೆ?"

"ಎಲ್ಲರಿಗೂ ಮಗಳೇ. ಕಾನ್ಸಲ್ ಆದರೇನು, ಕೋಳಿ ಕಾಯುವವನಾದರೇನು. ಅದರಲ್ಲಿ ದೊಡ್ಡವರು ಚಿಕ್ಕವರು ಇಲ್ಲ."

"ಅಷ್ಟು ಸಾಕು," ಅಂದಳು ಸಿಲ್ವಿಯ.

ಮಾರನೇ ಬೆಳಿಗ್ಗೆ ಮತ್ತೆ ಸಭೆ. ಕಾಲುವೆಯ ಮಾತೇ ಇರಬೇಕು ಅಂದುಕೊಂಡ ವುಲ್ಪಿ ಎಂದಿನಂತೆ ಸಿದ್ಧನಾಗಿ ಬಂದ. ಕೋಳಿಗಳು ತೇಗುತ್ತಾ ಹಿಂದೆ ಬಂದವು. ನರಿ ಕಾಳು ಚೆಲ್ಲಿ ಕಣ್ಣುಮುಚ್ಚಿ ನಿಂತ.

ಸಿಲ್ವಿಯ ಮುಂದೆ ಬಂದಳು. "ಇವತ್ತು ಕೇಳೋದು ಕಾಲುವೆಯ ಮಾತಲ್ಲ. ಜುಪಿಟರ್ ದೇವರೇ, ವುಲ್ಪಿ ಈ ಕಾಡಿನಲ್ಲಿ ಇರಬಹುದೇ? ಇರಬಹುದು ಅಂದರೆ ಕೋಳಿಗಳು ತಿನ್ನಲಿ."

ನರಿ ಥಟ್ಟನೆ ಕಣ್ಣು ಬಿಟ್ಟ. ಕೋಳಿಗಳು ಕಾಳು ನೋಡಿದವು. ಮುಖ ತಿರುಗಿಸಿದವು.

ವುಲ್ಪಿ ಕಾಳನ್ನು ಮೂತಿಯಿಂದ ಕೋಳಿಗಳ ಹತ್ತಿರ ತಳ್ಳಿದ. "ತಿನ್ನಿ," ಅಂತ ಹಲ್ಲು ಕಚ್ಚಿದ. ಅವು ಹಿಂದೆ ಸರಿದವು.

"ದೇವರು ಒಪ್ಪಲಿಲ್ಲ," ಅಂದ ಅಪ್ರೋನಿ.

"ದೇವರಿಗೂ ಇದಕ್ಕೂ ಏನು ಸಂಬಂಧ?" ನರಿ ಕೂಗಿದ. "ಹೊಟ್ಟೆ ತುಂಬಿದೆ, ಅದಕ್ಕೇ ತಿಂತಿಲ್ಲ. ಮುಂಜಾನೆ ನಾನೇ ಕೈಯಾರೆ ತಿನ್ನಿಸಿದೀನಿ..."

ಅಷ್ಟು ಹೇಳಿದವನು ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಮೊಲಗಳು ಒಂದರ ಮುಖ ಒಂದು ನೋಡಿದವು. ಬಾರದೆ ಹೋದ ಅಣ್ಣತಮ್ಮಂದಿರು ಎಲ್ಲಿ ಹೋದರು, ಬಿಲದ ಪಕ್ಕದ ದಾರಿ ತಪ್ಪಿಸುವ ಕಾಲುವೆ ನರಿಗೆ ಯಾಕೆ ಬೇಡವಾಗಿತ್ತು ಅಂತ ಅವಕ್ಕೆ ಆಗ ತಿಳಿಯಿತು.

"ಅಜ್ಜಾ, ರೋಮಿನಲ್ಲಿ ಇಂಥವರಿಗೆ ಏನು ಮಾಡುತ್ತಾರೆ?" ಕೇಳಿದ ಅಪ್ರೋನಿ.

"ದೊಡ್ಡ ತಪ್ಪು ಮಾಡಿದವರಿಗೆ ನೀರು, ಬೆಂಕಿ ಎರಡನ್ನೂ ನಿಷೇಧಿಸುತ್ತಾರೆ. ಆಮೇಲೆ ಆ ನಾಡಿನಲ್ಲಿ ಯಾರೂ ಅವರಿಗೆ ಒಂದು ಗುಟುಕು ನೀರೂ ಕೊಡುವ ಹಾಗಿಲ್ಲ."

"ಹಾಗೇ ಆಗಲಿ," ಅಂದ ಅಪ್ರೋನಿ. ಸಿಲ್ವಿಯ ಈ ಸಲ ಬೇಡ ಅನ್ನಲಿಲ್ಲ. ಊಟೆಯ ದಾರಿಯಲ್ಲೇ ಮನೆ ಮಾಡಿಕೊಂಡಿದ್ದ ನರಿ ಅದೇ ಬೆಳಿಗ್ಗೆ ಒಣಗಿದ ನಾಲಿಗೆ ಚಾಚಿಕೊಂಡು ಕಾಡು ಬಿಟ್ಟ.

ಕೋಳಿಗಳನ್ನು ಆಮೆಯ ಸುಪರ್ದಿಗೆ ಕೊಟ್ಟರು. ತಿಂದದ್ದು ಅರಗುವವರೆಗೆ ಕಾದು ಸಂಜೆ ಕಾಲುವೆಯ ಮಾತು ಕೇಳಿದರು. ಕೋಳಿಗಳು ಗಬಗಬ ತಿಂದವು. ಹಸಿದ ಕೋಳಿ ತಿನ್ನದೆ ಇನ್ನೇನು ಮಾಡುತ್ತೆ ಅಂತ ನೀವು ನಗಬಹುದು. ನಗಿ. ಕಾಡಿನವರು ನಗಲಿಲ್ಲ, ಕಣ್ಣೊರೆಸಿಕೊಂಡರು.

ಅಪ್ರೋನಿ ಕೋರೆ ಹಾಕಿದ. ಮೊಲಗಳು ಮಣ್ಣು ಕೆದರಿದವು. ಅಜ್ಜ ಮೇಲಿಂದ ಹಾರುತ್ತಾ ಇಳಿಜಾರು ತೋರಿಸಿದ. ಯಾರೂ ಮಲಗಲಿಲ್ಲ. ಬೆಳಕು ಹರಿದ ಮೇಲೆ ಬೆಟ್ಟದ ನೀರು ಬಂಡೆ ಸುತ್ತಿ, ಬೇರು ದಾಟಿ, ತಾನಾಗಿಯೇ ಕೊಳಕ್ಕೆ ಇಳಿಯಿತು. ಯಾರೂ ಬಾಯಿ ಹಾಕಲಿಲ್ಲ. ತಾವೇ ತಂದ ನೀರನ್ನು ನೋಡುತ್ತಾ ಎಲ್ಲ ಪ್ರಾಣಿಗಳೂ ದಡದಲ್ಲಿ ನಿಂತವು.

"ಸಿಲ್ವಿಯಕ್ಕ, ಮೊದಲು ಮಗು," ಅಂದ ಅಪ್ರೋನಿ.

ಅವನೇ ಮರಿಯನ್ನು ಮೂತಿಯಿಂದ ಮೆಲ್ಲಗೆ ನೀರಿನ ಹತ್ತಿರ ಸರಿಸಿದ. ಮರಿ ಒಂದು ಗುಟುಕು ಕುಡಿಯಿತು. ಕೆಮ್ಮಿತು. ಮತ್ತೆ ಕುಡಿಯಿತು. ಆಮೇಲೆ ನಾಲ್ಕೂ ಕಾಲು ನಡುಗಿಸುತ್ತಾ ಎದ್ದು ನಿಂತಿತು.

ಸಿಲ್ವಿಯ ಅದರ ಕತ್ತು ನೆಕ್ಕಿದಳು. "ಸಾಕು ಅನ್ನಿಸೋವರೆಗೂ ಕುಡಿ ಮಗಾ," ಅಂದಳು. "ನಿನ್ನ ನೀರಿಗೆ ಬೇಡ ಅಂದವಳು ನಾನೇ. ಇನ್ನು ಮೇಲೆ ದೇವರ ಮಾತು ಅಂತ ಯಾರೇ ಬಂದು ಹೇಳಲಿ, ತಲೆ ಬಾಗಿಸುವ ಮೊದಲು ಕಣ್ಣು ಬಿಟ್ಟು ನೋಡ್ತೀನಿ."

ನೀತಿ: ದೇವರ ಹೆಸರಿನಲ್ಲಿ ಮೋಸ ಮಾಡುವವನು ತನ್ನ ಮೋಸದಲ್ಲೇ ಸಿಕ್ಕಿಬೀಳುತ್ತಾನೆ. ಭಕ್ತಿ ಇರಲಿ, ಆದರೆ ಕಣ್ಣು ತೆರೆದಿರಲಿ.