ಎದುರು ಬೀಸಿದ ಫ್ಯಾನು

"ವಸ್ತಾದರೇ, ಗರ್ವ ಬಿಟ್ಟರೆ ಕುಸ್ತಿ ಉಳಿಯುತ್ತದೆಯೇ?"

ಕೇಳಿದವನು ದೊರೆಸ್ವಾಮಿ, ಗರಡಿಮನೆಯ ಎಲ್ಲರಿಗಿಂತ ಗಟ್ಟಿ ಆಳು. ಹಿಂದಿನ ವಾರದ ಪಂದ್ಯದಲ್ಲಿ ಎದುರಾಳಿಯನ್ನು ಕೆಡವಿ, ಅವನ ಬೆನ್ನು ಇನ್ನೇನು ಮಣ್ಣಿಗೆ ತಾಗಬೇಕು ಅನ್ನುವಷ್ಟರಲ್ಲಿ ತಾನೇ ಅಡಿಗಾಗಿದ್ದ. ಸುತ್ತ ನಿಂತು ಶಿಳ್ಳೆ ಹೊಡೆಯುತ್ತಿದ್ದ ಜನವೇ ಮರುಗಳಿಗೆಯಲ್ಲಿ, ಗರ್ವದಿಂದ ಸೋತ ಎಂದು ಆಡಿಕೊಂಡರು. ಅಂದಿನಿಂದ ಅವನು ತಲೆ ತಗ್ಗಿಸಿ ನಡೆಯುತ್ತಿದ್ದ. ಮೀಸೆ ಮುಟ್ಟುವುದನ್ನು ಬಿಟ್ಟಿದ್ದ. ಬಿಟ್ಟ ಮೇಲೆ ಹಿಡಿತವೂ ಸಡಿಲವಾಯಿತು. ಮೊನ್ನೆ ಮೊನ್ನೆ ಗರಡಿಗೆ ಸೇರಿದವರು ಕೂಡ ಅವನನ್ನು ಎತ್ತಿ ಹಾಕತೊಡಗಿದರು. ದೊಡ್ಡ ಕುಸ್ತಿಗೆ ಹೆಸರು ಕೊಡುವ ದಿನ ಹತ್ತಿರವಾಗಿತ್ತು. ಗರ್ವ ಬಿಡಬೇಕೋ ಕುಸ್ತಿಯನ್ನೇ ಬಿಡಬೇಕೋ ಅವನಿಗೆ ತಿಳಿಯದಾಗಿತ್ತು.

ಕುಸ್ತಿ ಕಲಿಸುವ ವಸ್ತಾದರು ಮಜ್ಜಿಗೆ, ಎಣ್ಣೆ ಹಾಕಿ ಗರಡಿಯ ಮಣ್ಣು ಹದ ಮಾಡುತ್ತಿದ್ದರು. ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತರು. ಗರ್ವದ ಮಾತು ಆಮೇಲೆ, ಮೊದಲು ಒಬ್ಬ ಪಿಕಪ್‌ನವನ ಕತೆ ಕೇಳು ಎಂದರು. ಹೀಗೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಿಕಪ್‌ನವನಿದ್ದ. ತನ್ನಂಥ ಗಾಡಿ ಇಡೀ ಹೋಬಳಿಯಲ್ಲೇ ಇಲ್ಲ ಅನ್ನುವುದು ಅವನ ಮಾತು. ಅಷ್ಟು ಹಳೆಯ ಗಾಡಿ ಇಡೀ ಹೋಬಳಿಯಲ್ಲೇ ಇಲ್ಲ ಅನ್ನುವುದು ಊರವರ ಮಾತು. ಎರಡೂ ನಿಜವೇ.

ಗಾಡಿಗೆ ಇದ್ದದ್ದು ಒಂದೇ ಕಾಯಿಲೆ. ಕೆಳಗಿನ ಪೇಟೆಯಿಂದ ಊರಿಗೆ ಬರಬೇಕಾದರೆ ಒಂದು ಘಟ್ಟ ಹತ್ತಬೇಕು. ಭಾರ ಹೇರಿಕೊಂಡು ಹತ್ತಿದರೆ ಅರ್ಧ ದಾರಿಯಲ್ಲೇ ಎಂಜಿನ್ ಕಾದು, ರೇಡಿಯೇಟರಿನ ನೀರು ಕುದಿದು, ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಅದರ ಫ್ಯಾನು ಎಂಜಿನ್ನಿನ ಬೆಲ್ಟಿಗೆ ಕಟ್ಟಿದ್ದು. ಎಂಜಿನ್ ಜೋರಾದರೆ ಅದೂ ಜೋರು, ಎಂಜಿನ್ ನಿಧಾನವಾದರೆ ಅದೂ ನಿಧಾನ. ಏರಿನಲ್ಲಿ ಗಾಳಿ ಬೇಕೇ ಬೇಕು ಅನ್ನುವಾಗ ಅದಕ್ಕೆ ಸೋಮಾರಿತನ. ಮುಂಜಾನೆಯ ಚಳಿಯಲ್ಲಿ ಯಾರಿಗೂ ಗಾಳಿ ಬೇಡವಾದಾಗ ಗೊರ್ರೆಂದು ತಿರುಗಿ ಎಂಜಿನ್ನಿನ ಕಸುವು ತಿನ್ನುವುದು. ಲಾರಿಯವರು ಪಕ್ಕದಲ್ಲಿ ಹಾದುಹೋಗುತ್ತ, ಎತ್ತಿಗೆ ನೀರು ಕುಡಿಸುತ್ತಿದ್ದೀಯಾ ಎಂದು ಕೇಳಿ ನಗುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ನುಂಗಿಕೊಂಡು ಸುಮ್ಮನಾಗುತ್ತಿದ್ದರು. ಇವನ ಗಂಟಲಲ್ಲಿ ಅದು ಇಳಿಯಲಿಲ್ಲ.

ಗುಜರಿ ಅಂಗಡಿಗೆ ಹೋಗಿ, ಜಜ್ಜಿಹೋದ ಕಾರಿನಿಂದ ಬಿಚ್ಚಿದ ಕರೆಂಟಿನ ಫ್ಯಾನು ಎರಡು ತಂದ. ಬೆಲ್ಟಿನ ಫ್ಯಾನನ್ನು ಕಿತ್ತು ಮೂಲೆಗೆ ಒಗೆದ. ತಗಡು ಬಡಿದು ರೇಡಿಯೇಟರಿನ ಹಿಂದಕ್ಕೆ ಸರಿಯಾಗಿ ಒಂದು ಕವಚ ಮಾಡಿದ, ಅದರಲ್ಲಿ ಎರಡು ಫ್ಯಾನುಗಳನ್ನೂ ಕೂರಿಸಿದ. ನೀರು ಕಾದರೆ ತಾನಾಗಿ ಫ್ಯಾನು ಹಾಕಿ, ತಣಿದರೆ ತಾನಾಗಿ ಆರಿಸುವ ಸೆನ್ಸರ್ ಸೇರಿಸಿದ. ದಪ್ಪ ತಂತಿ ಎಳೆದು ರಿಲೇ, ಫ್ಯೂಸು ಹಾಕಿದ. ಬ್ಯಾಟರಿ ಸೋಲಬಾರದೆಂದು ಡೈನಮೋ ಕೂಡ ದೊಡ್ಡದನ್ನೇ ಕೂರಿಸಿದ. ಯಾವ ಗ್ಯಾರೇಜಿನ ಬಾಗಿಲಿಗೂ ಹೋಗಲಿಲ್ಲ. ಕೆಲಸ ಹೇಗಿತ್ತೆಂದರೆ, ಕಲ್ಲಿನ ದಾರಿಯಲ್ಲಿ ಓಡಿಸಿದರೂ ಒಂದು ಬೋಲ್ಟು ಅಲುಗಲಿಲ್ಲ, ಒಂದು ತಂತಿ ಬಿಸಿಯಾಗಲಿಲ್ಲ. ಅಂಥ ಕೈ ಅವನದು. ಗರ್ವಪಡುವ ಕೆಲಸವನ್ನೇ ಮಾಡಿದ್ದ, ಗರ್ವಪಟ್ಟ.

ಮಾಡಿದ್ದನ್ನು ನಾಲ್ಕು ಜನ ನೋಡದಿದ್ದರೆ ಏನು ಬಂತು? ಬೆಳಿಗ್ಗೆ ಹಾಲು ಹಾಕಲು ಜನ ಸೇರುವ ಹೊತ್ತಿಗೆ ಡೈರಿಯ ಮುಂದೆ ಗಾಡಿ ತಂದು ನಿಲ್ಲಿಸಿದ. ಎಂಜಿನ್ ಕಾಯುವವರೆಗೆ ಬಿಟ್ಟ. ಫ್ಯಾನುಗಳು ತಾವಾಗಿ ತಿರುಗಿದವು. ಜನ ಕ್ಯಾನು ಕೆಳಗಿಟ್ಟು ಗಾಡಿಯ ಮೂತಿಯ ಮುಂದೆ ನಿಂತು ಅಂಗೈ ಹಿಡಿದು ನೋಡಿದರು. ಏನೂ ತಾಗಲಿಲ್ಲ.

"ಸದ್ದು ಬತ್ತದೆ, ಗಾಳಿ ಎಲ್ಲೋ?" ಎಂದ ಒಬ್ಬ ಹಾಲಿನವನು.

ಈ ಫ್ಯಾನು ಮುಂದಿನ ಗಾಳಿಯನ್ನು ರೇಡಿಯೇಟರಿನ ಒಳಗಿಂದ ಎಳೆದು ಹಿಂದಕ್ಕೆ, ಎಂಜಿನ್ನಿನ ಕಡೆಗೆ ಬಿಡುತ್ತದೆ, ಆದ್ದರಿಂದ ಮುಂದೆ ನಿಂತವರಿಗೆ ತಾಗುವುದಿಲ್ಲ ಎಂದು ಪಿಕಪ್‌ನವನು ಬಿಡಿಸಿ ಹೇಳಿದ. ಹೇಳಿದಷ್ಟೂ ಜನಕ್ಕೆ ನಗು ಹೆಚ್ಚಾಯಿತು.

"ಗಾಳಿನ ಒಳಕ್ಕೆ ಎಳ್ಕೊಳ್ಳೋ ಫ್ಯಾನು ಯಾವ ಛತ್ರದಲ್ಲಿ ಕಂಡಿದ್ದೀಯಪ್ಪಾ? ಇದು ಫ್ಯಾನಲ್ಲ, ದಮ್ಮು ಹತ್ತಿರೋ ಮುದುಕ" ಎಂದ ಹಾಲಿನವನು.

ಪಿಕಪ್‌ನವನ ಕಿವಿ ಕೆಂಪಾಯಿತು. ಕರೆಂಟಿನ ಫ್ಯಾನಿಗೆ ಬರುವ ತಂತಿ ಎರಡೇ. ಅದಲು ಬದಲು ಮಾಡಿದರೆ ಫ್ಯಾನು ಉಲ್ಟಾ ತಿರುಗುತ್ತದೆ, ಎಳೆಯುವ ಗಾಳಿಯನ್ನು ಉಗುಳುತ್ತದೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಮಾಡಬಾರದು ಎಂದೂ ಗೊತ್ತಿತ್ತು. ಬಾನೆಟ್ಟಿನೊಳಗೆ ಕೈ ಹಾಕಿ ಬದಲಿಸಿಯೇಬಿಟ್ಟ. ಗಾಡಿಯ ಮೂತಿಯಿಂದ ಗಾಳಿ ನುಗ್ಗಿತು. ಹಾಲಿನವನ ಹೆಗಲ ಮೇಲಿನ ಟವೆಲು ಹಾರಿ ಹಿಂದಿನವನ ಮುಖಕ್ಕೆ ಬಡಿಯಿತು. ಶಿಳ್ಳೆ ಬಿತ್ತು. ಇದಪ್ಪಾ ಫ್ಯಾನು ಅಂದರೆ ಎಂದು ಎಲ್ಲರೂ ಒಪ್ಪಿದರು. ಬೆವರಿದವರು ಎದೆಯ ಗುಂಡಿ ಬಿಚ್ಚಿ ಸಾಲಾಗಿ ನಿಂತರು. ನಿಂತ ಗಾಡಿಯಲ್ಲಿ ಎಂಜಿನ್ನೂ ಕಾಯಲಿಲ್ಲ, ಮೀಟರಿನ ಮುಳ್ಳು ನಡುವೆಯೇ ನಿಂತಿತ್ತು. ಸಂಜೆ ತಂತಿಯನ್ನು ಮತ್ತೆ ಸರಿಮಾಡಿದರಾಯಿತು ಎಂದುಕೊಂಡ. ಸಂಜೆಗೆ ಇನ್ನಷ್ಟು ಜನ ನೋಡಲು ಬಂದರು. ಮಾರನೆಯ ದಿನ ಪಕ್ಕದ ಊರಿನವರೂ ಬಂದರು. ತಂತಿ ಹಾಗೇ ಉಳಿಯಿತು.

ಆ ವರ್ಷ ಊರ ಕೆರೆ ತುಂಬಿತ್ತು. ಕೆರೆಗೆ ಬಿಡುವ ಮೀನುಮರಿಗಳನ್ನು ಘಟ್ಟದ ಕೆಳಗಿನಿಂದ ತರಬೇಕು. ನೀರು ಮತ್ತು ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಮರಿಗಳು ಬರುತ್ತವೆ. ಬಿಸಿಲು ಏರುವ ಮೊದಲು ಕೆರೆ ಸೇರಿದರೆ ಬದುಕುತ್ತವೆ, ತಡವಾದರೆ ಚೀಲದಲ್ಲೇ ಬೆಳ್ಳಗೆ ತೇಲುತ್ತವೆ. ಮರಿ ಬಿಡುವ ಕಾಲ ಮುಗಿಯುತ್ತ ಬಂದಿತ್ತು, ಇನ್ನೊಮ್ಮೆ ತರುವುದಕ್ಕೆ ಆಗುವಂತಿರಲಿಲ್ಲ. ಕೆರೆಯನ್ನೇ ನಂಬಿದ ಮೀನುಗಾರರ ಮನೆಗಳಿಗೆ ಅದೇ ವರ್ಷದ ಅನ್ನ. ಅವರು ಪೇಟೆಯ ಲಾರಿಗೆ ಹೇಳುವುದರಲ್ಲಿದ್ದರು. ಪಿಕಪ್‌ನವನು ಅಡ್ಡ ನಿಂತ. ತನ್ನ ಗಾಡಿ ಇರುವಾಗ ಆ ಲಾರಿಯವರು ಯಾಕೆ, ಮರಿ ಸತ್ತು ಬಂದರೆ ಮೀಸೆ ಬೋಳಿಸಿ ಕೆರೆಗೆ ಹಾಕುತ್ತೇನೆ ಎಂದ. ಅಷ್ಟು ಹೇಳಿದ ಮೇಲೆ ಅವರು ಇಲ್ಲ ಎನ್ನಲಿಲ್ಲ. ಒಬ್ಬ ಹಿರಿಯ ಮೀನುಗಾರನನ್ನು ಜೊತೆಗೆ ಕಳಿಸಿದರು. ಪಿಕಪ್‌ನವನು ಅವನನ್ನು ಮಾವ ಎನ್ನುತ್ತಿದ್ದ.

ಇಳಿಯುವಾಗ ಖಾಲಿ ಗಾಡಿ, ತೊಂದರೆಯಾಗಲಿಲ್ಲ. ಚೀಲ ಹೇರಿಕೊಂಡು ಹತ್ತತೊಡಗಿದಾಗ ಮುಳ್ಳು ಏರಿತು. ಫ್ಯಾನುಗಳು ಗುಂಯ್ ಎಂದವು. ಕೇಳು ಮಾವ, ಕೇಳು ಎಂದು ಪಿಕಪ್‌ನವನು ಸ್ಟೀರಿಂಗ್ ತಟ್ಟಿದ. ಮುಳ್ಳು ಇಳಿಯಲಿಲ್ಲ. ಇನ್ನೊಂದು ತಿರುವಿನಲ್ಲಿ ಕೆಂಪಿಗೆ ಹೋಯಿತು. ಬದಿಗೆ ಹಾಕಿ ನಿಲ್ಲಿಸಿದ. ನಿಂತ ಮೇಲೆ ಮೆಲ್ಲನೆ ತಣಿಯಿತು. ಹೊರಟ, ಮತ್ತೆ ಕಾಯಿತು. ನಿಂತ, ಮತ್ತೆ ತಣಿಯಿತು. ಡೀಸೆಲ್ ಸರಿಯಿಲ್ಲ ಎಂದ, ಬಿಸಿಲು ಜೋರು ಎಂದ, ಮಾವ ತೂಕ ಜಾಸ್ತಿ ಎಂದೂ ಹೇಳಿದ. ಅಷ್ಟರಲ್ಲಿ ಬಿಸಿಲು ನಿಜವಾಗಿಯೂ ಏರಿತ್ತು. ಹಿರಿಯ ಹಿಂದೆ ಹತ್ತಿ ಒದ್ದೆ ಗೋಣಿ ಸರಿಸಿ ನೋಡಿದ. ಮರಿಗಳೆಲ್ಲ ಚೀಲದ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದವು.

"ಅಳಿಯಾ, ಮೀಸೆ ಬೋಳಿಸಿದರೆ ತಿರುಗಿ ಬರ್ತದೆ. ಇವು ಹೋದರೆ ಬರೋದಿಲ್ಲ" ಎಂದ.

ಪಿಕಪ್‌ನವನು ಕೆಳಗಿಳಿದ. ಗಾಡಿಯ ಮುಂದೆ ಹೋಗಿ ನಿಂತ. ಡೈರಿಯ ಮುಂದೆ ಜನ ನಿಂತಿದ್ದ ಜಾಗದಲ್ಲೇ ನಿಂತ. ಒಳಗಿನಿಂದ ಬಿಸಿ ಗಾಳಿ ಭರ್ರೆಂದು ಮುಖಕ್ಕೆ ಬಡಿಯಿತು. ಬೆವರು ಒರೆಸಿಕೊಂಡು ಟವೆಲನ್ನು ಕೈಯಲ್ಲಿ ಹಿಡಿದುಕೊಂಡಿದ್ದ, ಅದು ಅವನ ಕಡೆಗೆ ಪಟಪಟನೆ ಹಾರುತ್ತಿತ್ತು. ಇಷ್ಟು ಗಾಳಿ ಬೀಸುವ ಫ್ಯಾನು ಇಟ್ಟುಕೊಂಡೂ ಗಾಡಿ ಯಾಕೆ ಕುದಿಯುತ್ತದೆ ಎಂದು ಅವನಿಗೆ ಸಿಟ್ಟು ಬಂತು. ಆಗ ಘಟ್ಟದ ಮೇಲಿನಿಂದ ಒಂದು ಗಾಳಿ ಬಂತು. ಅವನ ಬೆನ್ನಿಗೆ ತಾಗಿ, ಅವನನ್ನು ಬಳಸಿ, ಗಾಡಿಯ ಮೂತಿಗೆ ಹೋಯಿತು. ಹಾರುತ್ತಿದ್ದ ಟವೆಲು ನಿಂತಿತು. ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ. ಗೂಟಕ್ಕೆ ಹಾಕಿದ ಬಟ್ಟೆಯ ಹಾಗೆ ನೆಟ್ಟಗೆ ಇಳಿಬಿದ್ದಿತು. ಘಟ್ಟದ ಗಾಳಿ ಹೋದ ಮೇಲೆ ಮತ್ತೆ ಹಾರಿತು.

ಅವನು ಟವೆಲನ್ನೇ ನೋಡಿದ. ಗಾಡಿ ಓಡುವಾಗ ಎದುರಿನಿಂದ ಬರುವುದು ಇಂಥದೇ ಗಾಳಿ. ಅದು ತಾನಾಗಿ ಒಳಗೆ ಹೋಗಿ ಎಂಜಿನ್ನನ್ನು ತಣಿಸಲು ಬರುತ್ತದೆ. ತನ್ನ ಫ್ಯಾನು ಅದಕ್ಕೆ ಎದುರು ನಿಂತು ತಳ್ಳುತ್ತದೆ. ಎರಡೂ ಗಾಳಿ, ಎರಡಕ್ಕೂ ಕಸುವಿದೆ, ನಡುವೆ ಎಂಜಿನ್ ಬೇಯುತ್ತದೆ. ನಿಂತಾಗ ಎದುರಿನ ಗಾಳಿಯಿಲ್ಲ, ಅದಕ್ಕೇ ತಣಿಯುತ್ತದೆ. ಡೈರಿಯ ಮುಂದೆ ಗಾಡಿ ನಿಂತೇ ಇತ್ತು.

ಬಾನೆಟ್ ಎತ್ತಿದ. ಎರಡು ತಂತಿ ಬಿಚ್ಚಿದ, ಮೊದಲಿದ್ದಂತೆ ಸಿಕ್ಕಿಸಿದ. ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟು ಹೊತ್ತಿನ ಕೆಲಸ. ಹಿರಿಯ ಏನು ಮಾಡಿದೆ ಎಂದು ಕೇಳಿದ. ಹಾಲಿನವನ ಟವೆಲು ತಿರುಗಿ ಕೊಟ್ಟೆ ಎಂದು ಇವನು ಉತ್ತರ ಕೊಟ್ಟ. ಹಿರಿಯನಿಗೆ ಅರ್ಥವಾಗಲಿಲ್ಲ, ಆದರೂ ಹತ್ತಿ ಕುಳಿತ.

ಗಾಡಿ ಹೊರಟಿತು. ಮುಳ್ಳು ಏರಿತು, ಫ್ಯಾನು ಹಾಕಿಕೊಂಡಿತು, ಮುಳ್ಳು ಇಳಿಯಿತು. ತಿರುವಿನ ಮೇಲೆ ತಿರುವು ಬಂತು, ಗಾಡಿ ಒಂದೇ ಉಸಿರಿನಲ್ಲಿ ಹತ್ತಿತು. ಎತ್ತಿಗೆ ನೀರು ಕುಡಿಸುತ್ತೀಯಾ ಎಂದು ಕೇಳುತ್ತಿದ್ದವರ ಲಾರಿಯೊಂದು ಮುಂದೆ ತೆವಳುತ್ತಿತ್ತು. ಪಿಕಪ್‌ನವನು ಹಾರನ್ನು ಒತ್ತಿಹಿಡಿದುಕೊಂಡೇ ಅದನ್ನು ಹಿಂದೆ ಹಾಕಿದ, ಮೀಸೆ ತಿರುವಿದ. ಅವನ ಫ್ಯಾನಿನ ಗಾಳಿಗೆ ಅಂಗೈ ಹಿಡಿದು ನೋಡುವವರು ಆ ದಾರಿಯಲ್ಲಿ ಯಾರೂ ಇರಲಿಲ್ಲ. ಆದರೂ ಡೈರಿಯ ಮುಂದೆ ಉಬ್ಬಿದ್ದಕ್ಕಿಂತ ಎದೆ ಹೆಚ್ಚೇ ಉಬ್ಬಿತ್ತು.

ಕೆರೆಯ ದಡದಲ್ಲಿ ಚೀಲಗಳನ್ನು ಇಳಿಸಿದರು. ನೀರಿನ ತಂಪಿಗೆ ಹೊಂದಿಕೊಳ್ಳಲೆಂದು ಮೊದಲು ಹಾಗೇ ತೇಲಬಿಟ್ಟು, ಆಮೇಲೆ ಬಾಯಿ ಬಿಚ್ಚಿದರು. ಮರಿಗಳು ಸರಸರನೆ ಆಳಕ್ಕೆ ಹೋದವು. ಒಂದು ಹಿಡಿಯಷ್ಟು ಸತ್ತಿದ್ದವು. ಅಷ್ಟು ಯಾರು ತಂದರೂ ಸಾಯುತ್ತವೆ, ಮೀಸೆ ಇಟ್ಟುಕೋ ಎಂದ ಹಿರಿಯ.

ಅಷ್ಟರಲ್ಲಿ ಡೈರಿಯ ಜನ ಬಂದಿದ್ದರು. ಗಾಡಿಯ ಮುಂದೆ ಗುಂಡಿ ಬಿಚ್ಚಿ ನಿಂತು ಅಂಗೈ ಹಿಡಿದು ನೋಡಿದರು. ಏನೂ ತಾಗಲಿಲ್ಲ. ಒಂದೇ ಘಟ್ಟಕ್ಕೆ ಫ್ಯಾನು ಸತ್ತುಹೋಯಿತಲ್ಲಪ್ಪಾ ಎಂದು ಹಾಲಿನವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಜನ ನಕ್ಕರು.

ಪಿಕಪ್‌ನವನು ಬಾನೆಟ್ಟಿಗೆ ಒರಗಿ ನಿಂತಿದ್ದ. ಈ ಸಲ ಬಾನೆಟ್ಟಿನೊಳಗೆ ಕೈ ಹಾಕಲಿಲ್ಲ. "ಗಾಳಿ ಬೇಕಾದರೆ ನಿಮ್ಮ ನಿಮ್ಮ ಮನೇಲಿ ಫ್ಯಾನು ಹಾಕ್ಕೊಳ್ಳಿ. ನನ್ನ ಫ್ಯಾನು ನೋಡಬೇಕಾದರೆ ಕೆರೇಲಿ ಇಣುಕಿ ನೋಡಿ" ಎಂದ.

ವಸ್ತಾದರು ಕತೆ ನಿಲ್ಲಿಸಿದರು. ಮತ್ತೆ ಇಳಿದು ಮಣ್ಣಿಗೆ ಕೈ ಹಾಕಿದರು.

ದೊರೆಸ್ವಾಮಿ ಕಾದ. ಪಿಕಪ್‌ನವನು ತಲೆ ತಗ್ಗಿಸುತ್ತಾನೆ, ಜನರ ಕಾಲು ಹಿಡಿಯುತ್ತಾನೆ ಎಂದು ಕಾದಿದ್ದ. ಕತೆಯಲ್ಲಿ ಅದು ಬರಲೇ ಇಲ್ಲ. ಕೊನೆಗೆ ತಾನೇ ಕೇಳಿದ.

"ಅವನ ಗರ್ವ ಹಾಗೇ ಉಳೀತಲ್ಲ, ವಸ್ತಾದರೇ?"

ವಸ್ತಾದರು ಒಂದು ಹಿಡಿ ಮಣ್ಣು ತೆಗೆದು ಅವನ ಎರಡೂ ತೋಳಿಗೆ ಬಳಿದರು. ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು.

"ಎದುರಾಳಿ ನಿನ್ನ ಕೈಯಡಿ ಬಿದ್ದಿದ್ದ ಗಳಿಗೆಯಲ್ಲಿ ನಿನ್ನ ಮುಖ ಯಾವ ಕಡೆಗಿತ್ತು, ದೊರೆಸ್ವಾಮಿ?"