ಬೆದರುಬೊಂಬೆಯ ದಾವೆ

“ಹನ್ನೆರಡು ವರ್ಷ ಆ ಹೊಲ ಉತ್ತಿದ್ದೇನೆ, ಬಿತ್ತಿದ್ದೇನೆ, ಬೆಳೆದದ್ದನ್ನು ಉಂಡಿದ್ದೇನೆ. ಇನ್ನು ಅದು ನನ್ನದೇ. ನಿಮ್ಮ ತಂದೆಯವರೇ ಮಾಡಿದ ಕಟ್ಟಳೆ, ಪ್ರಭು!”

ಕೆಂಚನಗೌಡ ತುಂಬಿದ ಆಸ್ಥಾನದಲ್ಲಿ ಹೀಗೆಂದು ಮೀಸೆ ತೀಡಿದ. ಅವನ ತೋಟದ ಮಾವಿನಹಣ್ಣು ತಿಂದ ಪಂಡಿತರೆಲ್ಲ ತಲೆಯಾಡಿಸಿದರು.

ದೊರೆ ವೀರಭೂಪ ಪೇಚಿಗೆ ಸಿಕ್ಕಿದ. ಕಟ್ಟಳೆ ಇದ್ದದ್ದು ನಿಜ. ಪರರ ಹೊಲವನ್ನು ಹನ್ನೆರಡು ವರ್ಷ ಎಲ್ಲರ ಕಣ್ಣೆದುರೇ ತನ್ನದೆಂದು ಉಳುತ್ತ ಬಂದರೆ, ಒಡೆಯರು ತಕರಾರು ಎತ್ತದಿದ್ದರೆ, ಹೊಲ ಉತ್ತವನಿಗೆ. ನೋಡಿಕೋ ಎಂದು ಒಪ್ಪಿಸಿ ಹೋದ ಹೊಲಕ್ಕೆ ಮಾತ್ರ ಈ ಮಾತು ನಡೆಯದು.

“ನಾನು ಒಪ್ಪಿಸೇ ಹೋಗಿದ್ದೆ, ಮಹಾಸ್ವಾಮಿ,” ಎಂದಳು ಮೂಲೆಯಲ್ಲಿ ನಿಂತಿದ್ದ ಸಂಕವ್ವ. “ಮಗಳು ಬಾಣಂತಿತನದಲ್ಲಿ ತೀರಿಕೊಂಡಳು. ಆ ಕೂಸನ್ನು ಸಾಕಿ ದೊಡ್ಡದು ಮಾಡುವವರೆಗೆ ಅವಳ ಊರಲ್ಲೇ ಉಳಿದೆ. ವಾಪಸು ಬಂದರೆ ನನ್ನ ಹೊಲಕ್ಕೆ ನನ್ನನ್ನೇ ಬಿಡಲಿಲ್ಲ ಈ ಮನುಷ್ಯ.”

“ಸಾಕ್ಷಿ?” ಗೌಡ ನಕ್ಕ. “ಒಪ್ಪಿಸಿದ್ದಳಂತೆ! ನನ್ನ ಹತ್ತಿರ ಮಾತೇ ಆಡದೆ ಊರು ಬಿಟ್ಟವಳು ಇವಳು.”

ಆಸ್ಥಾನದ ವಿದೂಷಕ ಗುಂಡಮಯ್ಯ ಅಷ್ಟೂ ಹೊತ್ತು ಗೌಡನ ಹೊಟ್ಟೆಯನ್ನೇ ನೋಡುತ್ತ ಕೂತಿದ್ದ. ಗತಿಯಿಲ್ಲದ ಹೆಂಗಸಿನ ಅನ್ನ ತಿಂದು ಬೆಳೆದ ಹೊಟ್ಟೆ! ಅವನಿಗೆ ಹೇಸಿಗೆಯಾಯಿತು. ಎದ್ದು ಕೈಮುಗಿದ.

“ಪ್ರಭು, ತೀರ್ಪು ನಾಳೆಗಿರಲಿ. ಆ ಹೊಲಕ್ಕೆ ಇನ್ನೊಬ್ಬ ಹಕ್ಕುದಾರನಿದ್ದಾನೆ. ಕರೆತರುತ್ತೇನೆ.”

ಮರುದಿನ ಗುಂಡಮಯ್ಯ ಬಂದದ್ದು ಹೊಲದ ಬೆದರುಬೊಂಬೆಯನ್ನು ಹೆಗಲ ಮೇಲೆ ಹೊತ್ತು. ಅದನ್ನು ಗೌಡನ ಪಕ್ಕದಲ್ಲೇ ನಿಲ್ಲಿಸಿದ. ಸಭೆ ಗೊಳ್ಳೆಂದಿತು.

“ಇವರಿಗೆ ಮಾತು ಬಾರದು, ಇವರ ಪರವಾಗಿ ನಾನು ಆಡುತ್ತೇನೆ,” ಎಂದ ಗುಂಡಮಯ್ಯ. “ಹನ್ನೆರಡು ವರ್ಷದಿಂದ ಹೊಲದ ನಟ್ಟನಡುವೆ ನಿಂತವರು ಇವರು. ಮಳೆಗೂ ಅಲ್ಲೇ, ಬಿಸಿಲಿಗೂ ಅಲ್ಲೇ. ಗೌಡರು ರಾತ್ರಿಯಾದರೆ ಮನೆಗೆ ಹೋಗಿ ಗೊರಕೆ ಹೊಡೆದವರು. ಯಾರ ಹಕ್ಕು ದೊಡ್ಡದು, ಪ್ರಭು?”

“ಅದು ಹುಲ್ಲು ತುಂಬಿದ ಅಂಗಿ! ಹುಲ್ಲನ್ನು ಎಷ್ಟು ಸಲ ಬದಲಾಯಿಸಿದ್ದೇನೋ!”

“ನಿಮ್ಮ ಮೈಯಲ್ಲೂ ಹನ್ನೆರಡು ವರ್ಷದ ಹಿಂದಿನದು ಏನು ಉಳಿದಿದೆ, ಗೌಡರೇ? ಎಲ್ಲ ಆಮೇಲೆ ತುಂಬಿದ್ದೇ ಅಲ್ಲವೇ?”

ದೊರೆ ಬಾಯಿಗೆ ಕೈ ಅಡ್ಡ ಹಿಡಿದ. ಗೌಡನ ಮುಖ ಕೆಂಪೇರಿತು.

“ಅದನ್ನು ನೆಟ್ಟವನು ನಾನು! ನಾನು ನೆಟ್ಟದ್ದು ನನ್ನ ಮೇಲೆ ದಾವೆ ಹೂಡುತ್ತದೆಯೇ?”

“ಸುಳ್ಳು,” ಎಂದ ಗುಂಡಮಯ್ಯ ತಣ್ಣಗೆ. “ಇವರನ್ನು ನೆಟ್ಟವಳು ಸಂಕವ್ವ. ಊರು ಬಿಡುವ ಮೊದಲು ಅವಳೇ ಗೂಟ ಹೂಳಿ, ಅಂಗಿ ತೊಡಿಸಿ ಹೋದಳು. ನಿಮಗೆ ಹಕ್ಕಿ ಓಡಿಸುವಷ್ಟೂ ಬುದ್ಧಿ ಇರಲಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತದೆ.”

ಆಡಿಕೊಳ್ಳುತ್ತದೆ ಎಂಬ ಮಾತು ಗೌಡನಿಗೆ ಚುರುಕ್ಕೆಂದಿತು.

“ಯಾವನು ಹಾಗಂದವನು? ಗೂಟ ಹೂಳಲು ಅವಳಿಗೆ ಪುರುಸೊತ್ತೆಲ್ಲಿತ್ತು? ಗಾಡಿ ಹತ್ತಿ ಅಳುತ್ತ ಕೂತಿದ್ದಳು! ‘ಗೌಡಪ್ಪಾ, ಜೋಳಕ್ಕೆ ಹಕ್ಕಿ ಬೀಳುತ್ತವೆ, ಏನಾದರೂ ನಿಲ್ಲಿಸು, ನಾನು ಬರೋವರೆಗೆ ಹೊಲದ ಕಡೆ ನೋಡಿಕೋ’ ಅಂದವಳು ಅವಳೇ! ನಾನೇ ನನ್ನ ಹಳೇ ಅಂಗಿ ತೊಡಿಸಿ…”

ಗೌಡನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಸಂಕವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

“ನಿನ್ನೆ ಮಾತೇ ಆಡಿರಲಿಲ್ಲ ಅಂದೆಯಲ್ಲ?” ದೊರೆ ಸಿಂಹಾಸನದಿಂದ ಎದ್ದ. “ನೋಡಿಕೋ ಎಂದು ಬಿಟ್ಟುಹೋದ ಹೊಲ ನುಂಗಲು ನಮ್ಮ ತಂದೆಯ ಹೆಸರನ್ನು ನೆಂಚಿಕೊಂಡೆಯಾ? ಹೊಲ ಸಂಕವ್ವನದು. ನಿನ್ನ ಗೌಡಿಕೆ ಇವತ್ತಿಗೆ ಮುಗಿಯಿತು.”

ತಲೆಯಾಡಿಸಿದ್ದ ಪಂಡಿತರು ಈಗ ಕಂಬದ ಕೆತ್ತನೆ ನೋಡತೊಡಗಿದರು. ಕೆಂಚನಗೌಡ ಮೊಣಕಾಲೂರಿದ.

“ಪ್ರಭು, ಇಷ್ಟು ವರ್ಷ ಕಾದದ್ದಕ್ಕಾದರೂ ಒಂದು ಮೂಲೆ ಕೊಡಿಸಿ!”

ಗುಂಡಮಯ್ಯ ಬೆದರುಬೊಂಬೆಯನ್ನು ಮತ್ತೆ ಹೆಗಲಿಗೇರಿಸಿದ.

“ಪ್ರಭು, ಸಂಕವ್ವನ ಹೊಲಕ್ಕೆ ಕಾವಲಿದ್ದವರು ಇಬ್ಬರು. ಒಂದು ಹುಲ್ಲಿನದು, ಒಂದು ಮಾಂಸದ್ದು. ಹೊಲ ತನ್ನದು ಎನ್ನುವಷ್ಟು ನಾಚಿಕೆಗೇಡು ಹುಲ್ಲಿಗಂತೂ ಬರಲಿಲ್ಲ!”