ನುಣ್ಣಗಿಂಡಿ ಗುಡ್ಡ

ಕಾರೆಹಾಳದಿಂದ ಪಡುವಣಕ್ಕೆ ಹಳ್ಳ ದಾಟಿ ಅರ್ಧ ಗಂಟೆ ಗುಡ್ಡ ಏರಿದರೆ ಬಂಡೆಗಳ ನಡುವೆ ಒಂದು ಬಯಲು ಸಿಗುತ್ತದೆ. ಅಲ್ಲಿ ನಲವತ್ತೊಂದು ಕಲ್ಮನೆಗಳಿವೆ. ನಾಲ್ಕು ಕಡೆ ನಾಲ್ಕು ಚಪ್ಪಡಿ, ಮೇಲೊಂದು ಚಪ್ಪಡಿ. ಒಳಗೆ ಒಬ್ಬರು ಕಾಲು ಮಡಚಿ ಕೂರುವಷ್ಟು ಜಾಗ. ಸತ್ತವರ ಎಲುಬನ್ನು ಮಡಕೆಯಲ್ಲಿಟ್ಟು ಕಾಯಲು ಬಹಳ ಹಿಂದಿನ ಜನ ಇವನ್ನು ಕಟ್ಟಿದರು. ಪ್ರತಿ ಮನೆಯ ಮೂಡಣ ಚಪ್ಪಡಿಯಲ್ಲಿ ಒಂದು ದುಂಡನೆಯ ಕಿಂಡಿ ಇದೆ. ನಲವತ್ತು ಕಿಂಡಿಗಳು ಒಂದು ಗೇಣು ಅಗಲದವು. ಬಡಗಣ ಅಂಚಿನ ಎಲ್ಲಕ್ಕಿಂತ ಚಿಕ್ಕ ಮನೆಯ ಕಿಂಡಿ ಮಾತ್ರ ಒಂದು ಮೊಳಕ್ಕೆ ಎರಡು ಬೆರಳು ಕಡಿಮೆ. ಅದರ ಅಂಚು ಕಪ್ಪೆಚಿಪ್ಪಿನ ಒಳಮೈಯಂತೆ ನುಣ್ಣಗಿದೆ. ಗುಡ್ಡಕ್ಕೆ ಹೆಸರು ಬಂದದ್ದು ಆ ಕಿಂಡಿಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಕಾರೆಹಾಳವೆಂಬ ಊರೇ ಇಲ್ಲದ ಕಾಲದಲ್ಲಿ, ದನ ಮೇಯಿಸುವ ಒಂದು ಗುಂಪು ಮಳೆ ನಿಂತ ಮೇಲೆ ಈ ಗುಡ್ಡಕ್ಕೆ ಬರುತ್ತಿತ್ತು. ಬಂಡೆಯ ಗುಂಡಿಗಳಾದ ದೊಣೆಗಳಲ್ಲಿ ನಿಂತ ನೀರು ಬತ್ತಿದೊಡನೆ ಹೊಳೆಯ ಕಡೆ ಇಳಿದುಬಿಡುತ್ತಿತ್ತು. ಆ ಗುಂಪಿನಲ್ಲಿ ಕಲ್ಲು ಸೀಳುವವನು ಕೆಂಚ. ಈ ಹೆಸರು ಆಮೇಲೆ ಕಾರೆಹಾಳದವರು ಕೊಟ್ಟದ್ದು. ಅಷ್ಟು ಹಿಂದಿನವರ ನಿಜವಾದ ಹೆಸರು ಈಗ ಯಾರಿಗೂ ಗೊತ್ತಿಲ್ಲ. ಬಂಡೆಯ ಮೇಲೆ ಸಾಲಾಗಿ ಬೆಂಕಿ ಹಾಕಿ, ಕಾದ ಮೇಲೆ ನೀರು ಹೊಯ್ದು, ಬಿರಿದ ಗೆರೆಗೆ ಹಾರೆ ಕೊಟ್ಟು ಚಪ್ಪಡಿ ಎಬ್ಬಿಸುವುದು ಅವನ ಕೆಲಸ. ಆಮೇಲೆ ಕಿಂಡಿ ಕುಟ್ಟಿ, ಮರಳು ನೀರು ಹಾಕಿ ಗುಂಡುಕಲ್ಲಿನಿಂದ ತೀಡುತ್ತಿದ್ದ. ಒಳಗಿನ ಜೀವ ಹೋಗಿ ಬರುವಾಗ ಎಲ್ಲೂ ತರಚಬಾರದು ಎಂಬುದು ಆ ಜನರ ನಂಬಿಕೆ. ಗುಂಪು ಗುಡ್ಡ ಇಳಿಯುವ ದಿನ, ಅದೇ ಚಪ್ಪಡಿಯಿಂದ ಮೊದಲೇ ತೆಗೆದಿಟ್ಟ ಮುಚ್ಚಳಗಲ್ಲನ್ನು ಕಿಂಡಿಗೆ ಕೂರಿಸುತ್ತಿದ್ದರು. ಹಾಗೆ ಮುಚ್ಚಿದರೆ ಸತ್ತವರು ನಿದ್ದೆ ಹೋಗುತ್ತಾರೆ. ಮುಚ್ಚದಿದ್ದರೆ ಗುಡ್ಡ ಇಳಿದು ಹೋದವರ ದಾರಿ ನೋಡುತ್ತ ಎಚ್ಚರವಿರುತ್ತಾರೆ. ಬೇರೆ ಕಲ್ಲಿನ ಮುಚ್ಚಳ ನಡೆಯುತ್ತಿರಲಿಲ್ಲ.

ಕಿಂಡಿ ನುಣ್ಣಗಾಯಿತೋ ಇಲ್ಲವೋ ಎಂದು ನೋಡಲು ಕೆಂಚನ ಕೈ ಪ್ರಯೋಜನಕ್ಕೆ ಬರುತ್ತಿರಲಿಲ್ಲ. ಅಂಗೈ ಪೂರಾ ಜಡ್ಡುಗಟ್ಟಿತ್ತು. ಅದಕ್ಕೆ ಏಳು ವರ್ಷದ ಮಗಳು ಹೊನ್ನಿಯನ್ನು ಕರೆಯುತ್ತಿದ್ದ. ಅವಳು ತೋಳನ್ನು ಭುಜದವರೆಗೆ ಒಳಗೆ ಹಾಕಿ, ಕಣ್ಣು ಮುಚ್ಚಿ, ಅಂಚಿನ ಸುತ್ತ ನಿಧಾನವಾಗಿ ತಿರುವುತ್ತಿದ್ದಳು.

“ನಿನ್ನದು ಕೈ ಅಲ್ಲ ಯಪ್ಪಾ, ಅದೂ ಒಂದು ಕಲ್ಲು. ನಾನಿಲ್ಲದಿದ್ದರೆ ನಿನ್ನ ಕೆಲಸ ನಡೀತದೇನು?” ಎಂದು ಅಣಕಿಸುತ್ತಿದ್ದಳು.

“ಇಲ್ಲವ್ವ, ನೀನೇ ದೊಡ್ಡ ಮೇಸ್ತ್ರಿ. ಹೇಳು, ಹೆಂಗೈತಿ?”

“ನುಣ್ಣಗೈತಿ ಯಪ್ಪಾ” ಎಂದು ಅವಳು ಹೇಳಿದ ಮೇಲೆಯೇ ಕೆಂಚ ಗುಂಡುಕಲ್ಲು ಕೆಳಗಿಡುತ್ತಿದ್ದ.

ಒಂದು ವರ್ಷ ದೊಣೆಗಳು ಬೇಗ ಬತ್ತತೊಡಗಿದವು. ಸತ್ತ ಮುದುಕನೊಬ್ಬನ ಕಲ್ಮನೆ ಮುಗಿಯುವುದು ಬಾಕಿ ಇತ್ತು. ಕೆಂಚ ಮೂರು ದಿನದ ತೀಡುವ ಕೆಲಸವನ್ನು ಒಂದೇ ದಿನಕ್ಕೆ ಮುಗಿಸಿ ಮಗಳನ್ನು ಕರೆದ. ಅವಳು ತೋಳು ಹಾಕಿದವಳು ತಟ್ಟನೆ ಹಿಂದಕ್ಕೆಳೆದುಕೊಂಡು, “ಇಲ್ಲಿ ತರಚಿತು ಯಪ್ಪಾ” ಎಂದಳು. ಮೊಣಕೈ ಕೆಳಗೆ ಒಂದು ಬೆರಳುದ್ದದ ಗೀರು. ಕೆಂಚ ಅದಕ್ಕೆ ಎಂಜಲು ಹಚ್ಚಿ, ಅವಳು ತೋರಿಸಿದ ಜಾಗವನ್ನು ತೀಡಿ, ಸರಿಯಾದ ಸಮಯಕ್ಕೆ ಗೊತ್ತಾಯಿತೆಂದು ಸಮಾಧಾನಪಟ್ಟ. ಮೂರನೆಯ ದಿನ ತೋಳು ಬಾತುಕೊಂಡಿತು. ಐದನೆಯ ದಿನ ಜ್ವರ ಬಂತು. ಒಂಬತ್ತನೆಯ ದಿನ ಹೊನ್ನಿ ಇರಲಿಲ್ಲ.

ಮಗಳ ಮನೆಗೆ ಕೆಂಚ ಚಪ್ಪಡಿ ಎಬ್ಬಿಸಿದ. ಮೊದಲು ಮುಚ್ಚಳಗಲ್ಲು ತೆಗೆದಿಟ್ಟು, ಒಂದು ಗೇಣಿನ ಕಿಂಡಿ ಕುಟ್ಟಿ, ತೀಡಲು ಕುಳಿತ. ಮಡಕೆ ಒಳಗಿಟ್ಟಾಯಿತು, ಮೇಲಿನ ಚಪ್ಪಡಿ ಏರಿಸಿಯಾಯಿತು. ಅವನು ತೀಡುತ್ತಲೇ ಇದ್ದ. ಗುಂಪು ಇಳಿಯಬೇಕಾದ ದಿನ ಬಂದು ಹೋಯಿತು. ದನಗಳು ದೊಣೆಯ ಕೆಸರು ನೆಕ್ಕತೊಡಗಿದವು. ಗುಂಪಿನ ಹಿರಿಯಳಾದ ಗಿರಿಯಮ್ಮ ಎರಡು ಸಲ ಬಂದು ನೋಡಿ ಹಿಂತಿರುಗಿದಳು. ಕೊನೆಗೆ ಹೆಂಡತಿ ಬೋರಿ ಅವನ ಪಕ್ಕದಲ್ಲಿ ಕುಳಿತು ತನ್ನ ತೋಳನ್ನು ಕಿಂಡಿಯೊಳಗೆ ಹಾಕಿ ಸುತ್ತ ಆಡಿಸಿದಳು.

“ನುಣ್ಣಗೈತಿ. ಸಾಕು ಬಿಡು.”

“ನಿಂದು ದುಡಿದ ಕೈ” ಎಂದ ಕೆಂಚ. “ಅದಕ್ಕೇನು ಗೊತ್ತಾಗ್ತದ?”

ಅವಳ ಕೈಯೂ ಬೀಸಿ ಕುಟ್ಟಿ ಜಡ್ಡುಗಟ್ಟಿದ್ದೇ. ಬೋರಿ ಅಂಗೈಯನ್ನು ಒಮ್ಮೆ ನೋಡಿಕೊಂಡಳು. ಬೇರೆ ಮಕ್ಕಳನ್ನು ಕರೆಸಬಹುದಿತ್ತು. ಇನ್ನೊಬ್ಬರ ಮಗುವಿನ ತೋಳನ್ನು ಆ ಕಿಂಡಿಯೊಳಗೆ ಹಾಕಿಸಲು ಕೆಂಚನಿಗೆ ಧೈರ್ಯವಾಗಲಿಲ್ಲ.

ಇನ್ನು ತಡೆಯಲಾಗದೆಂದು ಒಂದು ಮುಂಜಾನೆ ಗಿರಿಯಮ್ಮ ಮುಚ್ಚಳಗಲ್ಲನ್ನು ಎತ್ತಿಸಿಕೊಂಡು ಬಂದಳು. “ಏಳಪ್ಪ, ಮಗು ನಿದ್ದೆ ಮಾಡಲಿ” ಎಂದಳು. ಕೆಂಚ ಎದ್ದು ಸರಿದು ನಿಂತ. ಇಬ್ಬರು ಆ ಕಲ್ಲನ್ನು ಕಿಂಡಿಗೆ ಹಿಡಿದರು. ಅದು ಎಲ್ಲಿಯೂ ತಾಗಲಿಲ್ಲ. ಕೈ ಜಾರಿ, ಕಿಂಡಿಯೊಳಗೆ ಹಾಯ್ದು, ಒಳಗಿನ ನೆಲದ ಮೇಲೆ ಬಿದ್ದ ಸದ್ದು ಮಾತ್ರ ಕೇಳಿಸಿತು. ದಿನವೂ ಒಂದೊಂದು ಎಳೆಯಷ್ಟು ತೀಡಿದ್ದು ಅಷ್ಟು ಅಗಲವಾಗಿದೆ ಎಂದು ಅಲ್ಲಿಯವರೆಗೆ ಕೆಂಚ ಕಂಡಿರಲಿಲ್ಲ. ಮುಚ್ಚಳಕ್ಕೆ ಆ ಚಪ್ಪಡಿಯಲ್ಲಿ ಇನ್ನೊಂದು ತುಂಡು ಉಳಿದಿರಲಿಲ್ಲ.

ಕೆಂಚ ಬಂದು ಕಿಂಡಿಗೆ ಬೆನ್ನು ಕೊಟ್ಟು ಕುಳಿತ. ಬೆನ್ನು ಕಿಂಡಿಯ ಅಗಲಕ್ಕೆ ಸರಿಯಾಗಿ ಹಿಡಿಸಿತು.

“ನೀವು ನಡೀರಿ” ಎಂದ. “ಅವಳಿಗೆ ನಿದ್ದೆ ಬಂದ ಮೇಲೆ ಬರ್ತೀನಿ.”

ಬೋರಿ ಹತ್ತಿರದ ದೊಣೆಯ ತಳದಲ್ಲಿದ್ದ ನೀರನ್ನೆಲ್ಲ ಒಂದು ಕುಡಿಕೆಗೆ ಬಳಿದು ಅವನ ಪಕ್ಕದಲ್ಲಿಟ್ಟಳು. ದನಗಳ ಹಿಂದೆ ಅವಳೂ ಇಳಿದಳೆಂದು ಕೆಲವರು ಹೇಳುತ್ತಾರೆ. ಹಳ್ಳದವರೆಗೆ ಹೋಗಿ ತಿರುಗಿ ಬಂದಳೆಂದು ಕೆಲವರು. ಮುಂದಿನ ವರ್ಷ ಮಳೆ ನಿಂತ ಮೇಲೆ ಗುಂಪು ಬಂದಾಗ ಕಿಂಡಿಯ ಮುಂದೆ ಯಾರೂ ಇರಲಿಲ್ಲ, ಕುಡಿಕೆ ಇತ್ತು ಎಂಬುದನ್ನು ಮಾತ್ರ ಎರಡು ಬಗೆಯವರೂ ಒಪ್ಪುತ್ತಾರೆ.

ಇಂದಿಗೂ ಆ ಚಿಕ್ಕ ಮನೆಯೊಳಗೆ ಇಣುಕಿದರೆ ಒಂದು ಗೇಣು ಅಗಲದ ದುಂಡುಗಲ್ಲು ಬಿದ್ದಿರುವುದು ಕಾಣುತ್ತದೆ. ಹೊರಗೆ ಕಿಂಡಿಯ ಕೆಳಗಿನ ಹಾಸುಬಂಡೆಯಲ್ಲಿ ಒಬ್ಬರು ಕೂರುವಷ್ಟು ತಗ್ಗಿದೆ. ಅದು ಮಳೆನೀರು ಮಾಡಿದ ತಗ್ಗೂ ಇರಬಹುದು. ಆದರೆ ಕಾರೆಹಾಳದವರು ಅದನ್ನು ತುಳಿಯುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದಾಗ, ಹತ್ತು ವರ್ಷದೊಳಗಿನ ಒಂದು ಮಗುವಿಗೆ ಕಿಂಡಿಯೊಳಗೆ ತೋಳು ಹಾಕಿ ಅಂಚಿನ ಸುತ್ತ ಆಡಿಸಲು ಹೇಳುತ್ತಾರೆ, ದೊಡ್ಡವರು ಹಾಕುವುದಿಲ್ಲ. ಆ ಮಗು ಕೈ ಹೊರತೆಗೆದು, ಹೇಳಿಕೊಟ್ಟಂತೆ, ಆ ಖಾಲಿ ತಗ್ಗಿನ ಕಡೆ ತಿರುಗಿ, “ನುಣ್ಣಗೈತಿ ಯಪ್ಪಾ” ಎಂದು ಗಟ್ಟಿಯಾಗಿ ಹೇಳುತ್ತದೆ. ಆಮೇಲೆಯೇ ಎಲ್ಲರೂ ಗುಡ್ಡ ಇಳಿಯುತ್ತಾರೆ.